ಕಂಪ್ಯೂಟರ್ ಆನ್ ಆಗೋದು ನಿಧಾನವಾಗಿದೆಯಾ? ಫಾರ್ಮ್ಯಾಟ್‌ಗೆ ಕೊಡುವ ಮೊದಲು ಇದನ್ನು ಓದಿ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಅಪ್ಪ ದಿನಾ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ, ಎಷ್ಟು ಮಿಲಿಮೀಟರ್ ಅಂತ ಬರೆದಿಡುತ್ತಾರೆ. ಮೊದಲು ಡೈರಿಯಲ್ಲಿ ಬರೆಯುತ್ತಿದ್ದರು. 2014ರಲ್ಲಿ ಡೆಸ್ಕ್‌ಟಾಪ್ ತಂದ ಮೇಲೆ ನೇರ ಎಕ್ಸೆಲ್‌ಗೇ ಹಾಕತೊಡಗಿದರು. ಅಡಿಕೆ ಲೆಕ್ಕ, ಆಳುಗಳ ಸಂಬಳ, ತಂಗಿ ಮದುವೆ ಫೋಟೋ ಎಲ್ಲ ಇದ್ದದ್ದು ಅದೇ ಹಾರ್ಡ್ ಡಿಸ್ಕ್‌ನಲ್ಲಿ. ಬೇರೆಲ್ಲೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಅದು ಆನ್ ಆಗೋದು ನಿಧಾನವಾಯಿತು. ಅಮ್ಮ ಸ್ವಿಚ್ ಒತ್ತಿ ಅನ್ನಕ್ಕಿಡಲು ಹೋಗುತ್ತಿದ್ದರು. ಕುಕ್ಕರ್ ಮೂರು ಸಲ ಕೂಗಿದರೂ ಆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಡಿಸ್ಕ್‌ನ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮ ಉರಿಯುತ್ತಿತ್ತು. ಒಂದು ದಿನ ಕಿವಿ ಹತ್ತಿರ ಇಟ್ಟು ಕೇಳಿದೆ. ಟಿಕ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಇನ್ನೊಂದು ವಿಷಯ, ಮದುವೆ ಫೋಲ್ಡರ್ ತೆಗೆದರೆ ಪ್ರತಿ ಸಲವೂ ಅದೇ ಫೋಟೋ ಹತ್ತಿರ ಬಂದು ನಿಂತುಬಿಡುತ್ತಿತ್ತು.

ನಾನು ಇದನ್ನು ಕೇವಲ ನಿಧಾನ ಅಂದುಕೊಂಡೆ. ಸ್ಪೀಡ್ ಜಾಸ್ತಿ ಮಾಡುತ್ತದೆ ಎಂಬ ಒಂದು ಕ್ಲೀನರ್ ಹಾಕಿದೆ. ಚದುರಿದ ಫೈಲ್ ತುಣುಕುಗಳನ್ನು ಒಟ್ಟು ಮಾಡುವ ಡಿಫ್ರಾಗ್ ಮಾಡಿದೆ. ಆಮೇಲೆ ಡಿಸ್ಕ್‌ನ ದೋಷ ಹುಡುಕುವ ಚೆಕ್ ಡಿಸ್ಕ್ ಅನ್ನು ರಾತ್ರಿಯಿಡೀ ಓಡಿಸಿದೆ. ಹಾಳಾಗುತ್ತಿರುವ ಡಿಸ್ಕ್‌ಗೆ ಇವು ದೊಡ್ಡ ಹೊರೆ. ಫೈಲ್ ಕಾಪಿ ಮಾಡಿಕೊಳ್ಳಬಹುದಾಗಿದ್ದ ಗಂಟೆಗಳನ್ನೆಲ್ಲ ಇದಕ್ಕೆ ಕಳೆದೆ.

ಕೊನೆಗೆ ಒಂದು ಅಂಗಡಿಗೆ ಒಯ್ದೆ. "ವೈರಸ್ ಜಾಸ್ತಿ ಆಗಿದೆ ಸಾರ್, ಫಾರ್ಮ್ಯಾಟ್ ಮಾಡಿದ್ರೆ ಹೊಸದರ ಥರ ಆಗುತ್ತೆ" ಅಂದರು. "ಡಿ ಡ್ರೈವ್‌ನಲ್ಲಿ ಅಪ್ಪಂದು ಫೈಲ್ ಇದೆ, ಮುಟ್ಟಬೇಡಿ" ಅಂದೆ. "ಬ್ಯಾಕಪ್ ತಗೊಂಡೇ ಮಾಡ್ತೀವಿ ಸಾರ್" ಅಂದರು. ನಾನು ನಂಬಿ ಬಂದೆ. ಮರುದಿನ ಮನೆಗೆ ತಂದು ನೋಡಿದರೆ ಡಿ ಡ್ರೈವೇ ಇಲ್ಲ. ಇಡೀ ಡಿಸ್ಕ್ ಅಳಿಸಿ ಅದರ ಮೇಲೇ ಹೊಸ ವಿಂಡೋಸ್ ಹಾಕಿದ್ದರು. ಫೋನ್ ಮಾಡಿ ಕೇಳಿದರೆ, "ಕಾಪಿ ಮಧ್ಯದಲ್ಲೇ ನಿಂತುಹೋಗ್ತಿತ್ತು ಸಾರ್, ಅದಕ್ಕೆ ಬಿಟ್ವಿ." ಕಾಪಿ ನಿಂತುಹೋಗುತ್ತಿದೆ ಅಂದರೆ ಡಿಸ್ಕ್ ಹೋಗುತ್ತಿರಬಹುದು ಅಂತ ಅರ್ಥ. ಅಲ್ಲೇ ಕೈ ತೆಗೆದು ನನಗೆ ಒಂದು ಫೋನ್ ಮಾಡಬೇಕಿತ್ತು, ಅಲ್ವಾ? ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೂರನೇ ವಾರ ಮತ್ತೆ ಅದೇ ನಿಧಾನ. ಆಗ ಗೆಳೆಯನೊಬ್ಬ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ತೋರಿಸಿದ. ಎರಡು ನಿಮಿಷದ ಕೆಲಸ. ನೀಲಿ ಇರಬೇಕಾದ ಗುರುತು ಹಳದಿ ಇತ್ತು. ಅದರಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ನೋಡಬೇಕು. ಕೆಟ್ಟುಹೋದ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಒಂದು ಜಾಗ ಕೆಟ್ಟರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ವಿಂಡೋಸ್ ಅಲ್ಲಿಯವರೆಗೆ ಸುಮ್ನೆ ಕಾಯುತ್ತದೆ. ನಮ್ಮ ಕಂಪ್ಯೂಟರ್ ಆನ್ ಆಗಲು ಹಿಡಿಯುತ್ತಿದ್ದ ಏಳು ನಿಮಿಷ ಹೋಗುತ್ತಿದ್ದದ್ದು ಅಲ್ಲಿ. ಯುಪಿಎಸ್ ಇಲ್ಲದೆ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ನಮ್ಮ ಕಡೆ ಡಿಸ್ಕ್ ಇಷ್ಟು ವರ್ಷ ಬಾಳಿದ್ದೇ ದೊಡ್ಡದು.

ಎಲ್ಲ ನಿಧಾನವೂ ಡಿಸ್ಕ್‌ನದೇ ಅಂತ ಹೇಳುತ್ತಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿದರೆ ಎಷ್ಟೋ ಕಂಪ್ಯೂಟರ್ ಹಗುರಾಗುತ್ತವೆ. ಗಡಿಯಾರ ಪದೇ ಪದೇ ಹಳೇ ತಾರೀಕಿಗೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ಗುಂಡಗಿನ ಸಣ್ಣ ಸೆಲ್ ಬದಲಿಸಿ. ಆದರೆ ಇದೆಲ್ಲ ಆಮೇಲೆ. ಮೊದಲು ಫೈಲ್‌ಗಳನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಬೇಕೇ ಬೇಕು ಅನ್ನುವುದನ್ನು ಎಲ್ಲಕ್ಕಿಂತ ಮುಂಚೆ. ಕಾಪಿ ಒಂದೇ ಕಡೆ ಸಿಕ್ಕಿಕೊಂಡರೆ ಆ ಫೈಲ್ ಬಿಟ್ಟು ಮುಂದೆ ಹೋಗಿ. ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಒಳಗಿರುವುದು ಬೆಲೆಬಾಳುವಂಥದ್ದಾದರೆ, ಆಫ್ ಮಾಡಿ, ಕೆಟ್ಟ ಡಿಸ್ಕ್‌ನಿಂದ ಫೈಲ್ ತೆಗೆದುಕೊಡುವ ಡೇಟಾ ರಿಕವರಿಯವರ ಹತ್ತಿರ ಒಯ್ಯಿರಿ. ರಿಪೇರಿಗೆ ಕೊಡುವುದೇ ಆದರೆ ಹಳೇ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ, ವಿಂಡೋಸ್ ಅನ್ನು ಹೊಸ ಎಸ್ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್) ಹಾಕಿಸಿ. ನಮ್ಮದೇ ಹಳೇ ಡೆಸ್ಕ್‌ಟಾಪ್ ಈಗ ಎಸ್ಎಸ್‌ಡಿ ಹಾಕಿದ ಮೇಲೆ ಇಪ್ಪತ್ತು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ.

ಹಳೇ ಡಿಸ್ಕನ್ನು ಬೆಂಗಳೂರಿಗೂ ಕಳಿಸಿದೆವು. ಫೋಟೋಗಳು ಅರ್ಧಕ್ಕರ್ಧ ಸಿಕ್ಕವು. ಮಳೆ ಲೆಕ್ಕದ ಜಾಗದ ಮೇಲೆ ಹೊಸ ವಿಂಡೋಸ್ ಕೂತಿತ್ತು, ಅದು ಬರಲಿಲ್ಲ. ಅಪ್ಪ ಒಂದು ಮಾತೂ ಆಡಲಿಲ್ಲ. ಅಂಗಡಿಯಿಂದ ಹೊಸ ಡೈರಿ ತಂದರು. 2019ರ ಆಗಸ್ಟ್ ತಿಂಗಳ ಹಾಳೆ ಒಂದೇ ಉಳಿದಿದೆ. ಆ ದೊಡ್ಡ ಮಳೆಯ ಲೆಕ್ಕ ಬೇಕು ಅಂತ ಪಕ್ಕದ ಮನೆಯವರು ಪ್ರಿಂಟ್ ತೆಗೆಸಿಕೊಂಡಿದ್ದರು.