ಎಸ್‌ಕ್ಯುಎಲ್ ಬರೆಯದೆ ಕ್ವೆರಿ ಕಟ್ಟಲು: ಆಕ್ಸೆಸ್, ಬೇಸ್, ಮೆಟಾಬೇಸ್

ಟೇಬಲ್‌ಗಳನ್ನು ಪರದೆಗೆ ತಂದು, ನಡುವೆ ಗೆರೆ ಎಳೆದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಕಟ್ಟುವುದನ್ನು ಮೈಕ್ರೋಸಾಫ್ಟ್ ಆಕ್ಸೆಸ್‌ನಷ್ಟು ಸಲೀಸಾಗಿ ಕಲಿಸುವ ಇನ್ನೊಂದು ಸಾಧನವನ್ನು ನಾನು ಕಂಡಿಲ್ಲ. ಟೇಬಲ್‌ಗಳನ್ನು ಜೋಡಿಸುವ ಈ ಜಾಯಿನ್ ಗೆರೆಯ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ, ಜೋಡಿ ಸಿಗದಿದ್ದರೂ ಎಡ ಟೇಬಲ್‌ನ ಎಲ್ಲ ಸಾಲುಗಳೂ ಬರಲಿ ಎಂದು ಆರಿಸಿ. ಬಳಿಕ ಎಸ್‌ಕ್ಯುಎಲ್ (ಕ್ವೆರಿ ಬರೆಯುವ ಭಾಷೆ) ನೋಟ ತೆರೆಯಿರಿ. ಲೆಫ್ಟ್ ಜಾಯಿನ್ ಎಂದರೇನೆಂದು ಕಣ್ಣೆದುರೇ ತಿಳಿಯುತ್ತದೆ. ಆದರೆ ಇದಕ್ಕೆ ವಿಂಡೋಸ್ ಬೇಕೇ ಬೇಕು, ಡೇಟಾಬೇಸ್ ಕಡತ 2 ಜಿಬಿ ಮೀರುವಂತಿಲ್ಲ, ಎರಡು ಕ್ವೆರಿಗಳ ಫಲಿತಾಂಶವನ್ನು ಒಂದಾಗಿ ಸೇರಿಸುವ ಯೂನಿಯನ್ ಕ್ವೆರಿಯನ್ನು ಎಸ್‌ಕ್ಯುಎಲ್‌ನಲ್ಲಿ ಕೈಯಾರೆ ಬರೆಯಬೇಕು.

ಲಿಬ್ರೆಆಫೀಸ್ ಬೇಸ್ ಇದೇ ಜಾಡಿನದು. ನಯ ಕಡಿಮೆ, ಉಚಿತ, ಲಿನಕ್ಸ್‌ನಲ್ಲೂ ನಡೆಯುತ್ತದೆ. ವಿದ್ಯಾರ್ಥಿಗಳಿಗೆ ಅಷ್ಟು ಸಾಕು.

ಕಚೇರಿಯ ತಂಡಕ್ಕಾದರೆ ನನ್ನ ಆಯ್ಕೆ ಮೆಟಾಬೇಸ್. ಒಮ್ಮೆ ಸರ್ವರ್‌ನಲ್ಲಿ ಸ್ಥಾಪಿಸಿ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯುಎಲ್ ಡೇಟಾಬೇಸ್‌ಗೆ ಜೋಡಿಸಿದರೆ, ಎಲ್ಲರೂ ಬ್ರೌಸರ್‌ನಲ್ಲೇ ಮಾಹಿತಿಯನ್ನು ಸೋಸಿ, ಗುಂಪು ಮಾಡಿ, ಚಾರ್ಟ್ ತೆಗೆಯಬಹುದು. ಇಲ್ಲಿ ಗೆರೆ ಎಳೆಯುವ ಕೆಲಸವಿಲ್ಲ, ಹಂತ ಹಂತವಾಗಿ ಆರಿಸುತ್ತ ಹೋಗುವುದು. ಕ್ವೆರಿಯನ್ನು ಎಸ್‌ಕ್ಯುಎಲ್‌ಗೆ ಬದಲಿಸಿ ಉಳಿಸುವ ಮುನ್ನ ಮಾತ್ರ ಯೋಚಿಸಿ: ಅದನ್ನು ಮತ್ತೆ ಹಳೆಯ ರೂಪಕ್ಕೆ ತರಲಾಗದು.

ಡೇಟಾಬೇಸ್ ನಿರ್ವಹಿಸುವ ಡಿಬೀವರ್ ಕೂಡ ಸೊಗಸಾದ ಸಾಧನ. ಆದರೆ ಅದರ ಉಚಿತ ಆವೃತ್ತಿಯಲ್ಲಿ ಟೇಬಲ್‌ಗಳ ಸಂಬಂಧ ತೋರಿಸುವ ನಕ್ಷೆಯಷ್ಟೇ ಇದೆ. ಎಳೆದು ಜೋಡಿಸುವ ಕ್ವೆರಿ ಬಿಲ್ಡರ್ ಬೇಕಿದ್ದರೆ ಹಣ ಕೊಡಬೇಕು.