ಹಳೇ ಕಟ್ಟಡ ಕೆಡವುವ ಮುಂಚಿನ ಪುರಾತತ್ವ ತಪಾಸಣೆ: ಭಟ್ಕಳದ ಎಂಟು ಗುಂಟೆಯಲ್ಲಿ ಈ ಸೇವೆ ಹೇಗಿತ್ತು

ಭಟ್ಕಳ ಹಳೇ ಪೇಟೆಯ ಎಂಟು ಗುಂಟೆ ಜಾಗದಲ್ಲಿ ಹಂಚಿನ ಮಳಿಗೆ ಕೆಡವಿ ಮೂರಂತಸ್ತಿನ ಕಟ್ಟಡ ಎಬ್ಬಿಸುವ ಮುಂಚೆ ಖಾಸಗಿ ತಂಡವೊಂದು ಮಾಡಿಕೊಟ್ಟ ಪುರಾತತ್ವ ತಪಾಸಣೆಯ ವಿಮರ್ಶೆ ಇದು. ತಂಡದ ಹೆಸರು ಬೇಡ, ಕೆಲಸ ಹೇಗಿತ್ತು ಅನ್ನುವುದನ್ನಷ್ಟೇ ನೋಡೋಣ. ದಾಖಲೆ ಹುಡುಕಾಟಕ್ಕೆ ಹತ್ತಕ್ಕೆ ಒಂಬತ್ತು, ಗುಂಡಿ ತೆಗೆಸಿ ಮಣ್ಣಿನ ಪದರ ಓದಿದ್ದಕ್ಕೆ ಐದು, ಅಗೆಯದೆಯೇ ನೆಲದೊಳಗೆ ಇಣುಕುವ ಜಿಪಿಆರ್ (ರೇಡಾರ್) ಯಂತ್ರ ಓಡಿಸಿದ್ದಕ್ಕೆ ಒಂದು. ಬಿಲ್ಲಿನಲ್ಲಿ ಮಾತ್ರ ಈ ಕ್ರಮ ತಲೆಕೆಳಗು: ಯಂತ್ರಕ್ಕೆ ಸಿಂಹಪಾಲು, ಗುಂಡಿಗೆ ಚಿಲ್ಲರೆ.

ಭಟ್ಕಳದವರಿಗೆ ಈ ತಪಾಸಣೆ ಯಾಕೆ ಬೇಕು ಅಂದರೆ, ಇಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು ಊರೊಳಗೇ, ಮನೆ ಅಂಗಡಿಗಳ ನಡುವೆಯೇ ಇವೆ. ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ, ಹಳೇ ಯುರೋಪಿಯನ್ನರ ಗೋರಿಗಳು, ಹೀಗೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ 1992ರ ಜೂನ್ 16ಕ್ಕಿಂತ ಮುಂಚೆ ಇದ್ದ ಕಟ್ಟಡಕ್ಕೆ ಅನುಮತಿ ಪಡೆದು ರಿಪೇರಿ, ನವೀಕರಣ ಮಾಡಬಹುದು. ಕೆಡವಿ ಹೊಸದು ಕಟ್ಟುವ ಹಾಗಿಲ್ಲ. ನಿಯಂತ್ರಿತ ವಲಯದಲ್ಲಿ ಅನುಮತಿ ಸಿಕ್ಕರೆ ಹೊಸ ಕಟ್ಟಡಕ್ಕೂ ದಾರಿ ಇದೆ. ತಪ್ಪಿ ನಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ತಂಡ ಚೆನ್ನಾಗಿ ಮಾಡಿದ ಮೊದಲ ಕೆಲಸ ಈ ದೂರ ಅಳೆದದ್ದು. ಬಹಳ ಜನ ಬಸದಿಯ ಗೋಡೆಯಿಂದ ಟೇಪು ಹಿಡಿಯುತ್ತಾರೆ. ಅಳೆಯಬೇಕಾದದ್ದು ಸಂರಕ್ಷಿತ ಪ್ರದೇಶದ ಗಡಿಯಿಂದ, ಅದು ಗೋಡೆಯಿಂದ ಎಷ್ಟೋ ಮೀಟರ್ ಈಚೆಗೆ ಇರಬಹುದು. ಅವರು ಸರ್ವೆ ಸ್ಕೆಚ್ ಮೇಲೆ ಗಡಿ ಗುರುತು ಹಾಕಿ, ನಮ್ಮ ಜಾಗದ ನಾಲ್ಕೂ ಮೂಲೆಗೆ ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೆ ಯಂತ್ರ) ಇಟ್ಟು ದೂರ ಬರೆದುಕೊಟ್ಟರು. ಜಾಗ ನಿಯಂತ್ರಿತ ವಲಯದೊಳಗೆ ಬಿತ್ತು. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುವ ಅರ್ಜಿಗೆ ಈ ಒಂದು ಹಾಳೆ ಇಲ್ಲದಿದ್ದರೆ ಫೈಲು ಅಲ್ಲೇ ಕೂರುತ್ತದೆ. ಕಾಯ್ದೆಯ ಲೆಕ್ಕದಲ್ಲಿ ಸಕ್ಷಮ ಪ್ರಾಧಿಕಾರಿ, ಅಂದರೆ ಅರ್ಜಿ ತೆಗೆದುಕೊಂಡು ಅನುಮತಿ ತೀರ್ಮಾನಿಸುವ ಅಧಿಕಾರಿ, 15 ದಿನದೊಳಗೆ ಅರ್ಜಿ ಮುಂದೆ ಕಳಿಸಬೇಕು, ಸ್ಮಾರಕ ಪ್ರಾಧಿಕಾರ ಎರಡು ತಿಂಗಳಲ್ಲಿ ಅಭಿಪ್ರಾಯ ಕೊಡಬೇಕು, ಆಮೇಲೆ ಒಂದು ತಿಂಗಳಲ್ಲಿ ಆ ಅಧಿಕಾರಿಯ ತೀರ್ಮಾನ. ಅಂದರೆ ಕಾಗದದಲ್ಲೇ ಮೂರೂವರೆ ತಿಂಗಳು. ಮಳೆಗಾಲಕ್ಕೆ ಮುಂಚೆ ಪಂಚಾಂಗ (ಕಟ್ಟಡದ ತಳಪಾಯ) ಮುಗಿಸಬೇಕೆನ್ನುವವರು ಇದನ್ನು ಎಣಿಸಿಕೊಳ್ಳಬೇಕು.

ಉಳಿದ ದಾಖಲೆಗಳೂ ಅಚ್ಚುಕಟ್ಟು. ಸಿಟಿ ಸರ್ವೆ ನಕ್ಷೆ, ಪ್ರಾಪರ್ಟಿ ಕಾರ್ಡ್, ಹಳೇ ಟಿಪ್ಪಣಿ ಮೂರನ್ನೂ ಒಂದರ ಮೇಲೊಂದು ಕೂರಿಸಿದ್ದರು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋದದ್ದರಿಂದ ಹಳೇ ಕಡತಗಳು ಎರಡೂ ಪದ್ಧತಿಯಲ್ಲಿವೆ. ಇದು ಗೊತ್ತಿಲ್ಲದವರು ಅರ್ಧಕ್ಕೇ ಹುಡುಕಾಟ ನಿಲ್ಲಿಸುತ್ತಾರೆ, ಇವರು ನಿಲ್ಲಿಸಲಿಲ್ಲ. ಹಿತ್ತಿಲ ಬಾವಿಕಟ್ಟೆ ಪಕ್ಕದ ಬಟ್ಟೆ ಒಗೆಯುವ ಕಲ್ಲನ್ನೂ ಮಗುಚಿ ನೋಡಿದರು. ಅದರಲ್ಲಿ ಏನೂ ಇರಲಿಲ್ಲ. ಆದರೂ ಸರಿಯಾದ ಅಭ್ಯಾಸ. ನಮ್ಮ ಕಡೆ ವೀರಗಲ್ಲು, ಶಾಸನದ ತುಂಡು ಮೆಟ್ಟಿಲಾಗಿಯೋ ಒಗೆಯುವ ಕಲ್ಲಾಗಿಯೋ ಮಕಾಡೆ ಮಲಗಿರುವುದು ಅಪರೂಪವೇನಲ್ಲ.

ಇನ್ನು ಜಿಪಿಆರ್. ನೆಲದೊಳಗೆ ರೇಡಿಯೋ ಅಲೆ ಕಳಿಸಿ ವಾಪಸು ಬರುವುದನ್ನು ಓದುವ ಯಂತ್ರ. 400 ಮೆಗಾಹರ್ಟ್ಸ್ ಆಂಟೆನಾ ಒಣ ಮರಳಲ್ಲಿ ಎರಡು ಮೂರು ಮೀಟರ್ ಆಳ ತೋರಿಸಬಲ್ಲದು. ಜೇಡಿ ಕಲೆತ ಒದ್ದೆ ಕೆಂಪು ಮಣ್ಣಿನಲ್ಲಿ, ಅದೂ ಉಪ್ಪುನೀರಿನ ಪಸೆ ಇರುವ ಕರಾವಳಿಯಲ್ಲಿ, ಅಲೆ ಒಂದು ಮೀಟರ್ ಇಳಿಯುವುದರೊಳಗೇ ಇಂಗಿಹೋಗುತ್ತದೆ. ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುವ ಮಣ್ಣು ಅಲೆಯನ್ನು ನುಂಗುತ್ತದೆ. ಮೇಲಿಂದ ಹಳೇ ಮಳಿಗೆಯ ನೆಲದಡಿ ಚಿರೆಕಲ್ಲಿನ (ಕರಾವಳಿಯ ಕೆಂಪು ಕಲ್ಲು) ಚೂರು, ಹಂಚಿನ ಚೂರು ತುಂಬಿದ್ದರೆ ಪ್ರತಿ ಚೂರೂ ಒಂದೊಂದು ಪ್ರತಿಧ್ವನಿ. ವರದಿಯಲ್ಲಿ ಬಣ್ಣಬಣ್ಣದ ಹನ್ನೊಂದು ಪುಟ ಚಿತ್ರಗಳಿದ್ದವು, ಕೊನೆಗೆ ಬರೆದದ್ದು ‘ಸ್ಪಷ್ಟ ರಚನೆ ಕಾಣುತ್ತಿಲ್ಲ’ ಎಂದು. ಯಂತ್ರಕ್ಕೆ ಕಾಣಲಿಲ್ಲ ಅಂದಮಾತ್ರಕ್ಕೆ ನೆಲದಲ್ಲಿ ಇಲ್ಲ ಎಂದಲ್ಲ, ಆ ಸಾಲನ್ನು ಅವರು ಬರೆಯಲಿಲ್ಲ. ನೆಲದ ಕಾಂತಶಕ್ತಿ ಅಳೆಯುವ ಮ್ಯಾಗ್ನೆಟೋಮೀಟರ್ ತರುತ್ತೇವೆ ಅಂದರೂ ಬೇಡವೆನ್ನಿ, ಚಿರೆಕಲ್ಲಿನ ಕಬ್ಬಿಣದಂಶವೇ ಅದನ್ನು ದಾರಿ ತಪ್ಪಿಸುತ್ತದೆ.

ಗುಂಡಿಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲಿಗೆ ಕಾನೂನು: ಸಂರಕ್ಷಿತವಲ್ಲದ ಜಾಗದಲ್ಲೂ ಪುರಾತತ್ವದ ಉದ್ದೇಶಕ್ಕೆ ಉತ್ಖನನ ಮಾಡಿಸಲು ರಾಜ್ಯ ಸರ್ಕಾರಕ್ಕೇ ಕೇಂದ್ರದ ಪೂರ್ವಾನುಮತಿ ಬೇಕು. ‘ನಾವೇ ಅಗೆದು ನೋಡುತ್ತೇವೆ’ ಅನ್ನುವ ಖಾಸಗಿಯವರಿಂದ ದೂರ ಇರಿ. ಈ ತಂಡ ಮಾಡಿದ್ದು ಸರಿಯಾದ ದಾರಿ: ಎಂಜಿನಿಯರು ಸಾಯಿಲ್ ಟೆಸ್ಟಿಗೆ ತೆಗೆಸುವ ಗುಂಡಿಗಳ ಪಕ್ಕ ನಿಂತು ಮಣ್ಣಿನ ಪದರ ದಾಖಲಿಸುವುದು. ನಿಯಂತ್ರಿತ ವಲಯದಲ್ಲಿ ಆ ಗುಂಡಿಗೂ ಮುಂಚೆ ಸಕ್ಷಮ ಪ್ರಾಧಿಕಾರಿಯನ್ನು ಲಿಖಿತವಾಗಿ ಕೇಳಿಕೊಳ್ಳುವುದು ಕ್ಷೇಮ.

ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ನಾಲ್ಕು ಗುಂಡಿ. ಎಂಟು ಗುಂಟೆ ಅಂದರೆ ಸುಮಾರು 809 ಚದರ ಮೀಟರ್, ನಾಲ್ಕು ಗುಂಡಿ ಸೇರಿ 8 ಚದರ ಮೀಟರ್, ಶೇಕಡಾ ಒಂದು. ಬ್ರಿಟನ್ನಿನಲ್ಲಿ ಇಂಥ ಮುನ್‌ತಪಾಸಣೆಗೆ ಸಾಮಾನ್ಯವಾಗಿ ಶೇಕಡಾ 2ರಿಂದ 5ರಷ್ಟು ಜಾಗ ತೆರೆಯುತ್ತಾರೆ. ಅಷ್ಟು ಇಲ್ಲಿ ಸಾಧ್ಯವಾಗದಿದ್ದರೆ ಪರವಾಗಿಲ್ಲ, ಆದರೆ ಗುಂಡಿಗಳು ಕಂಬ ಬರುವ ಜಾಗದಲ್ಲಿ ಇರಬೇಕು. ಇವರ ಎರಡು ಗುಂಡಿ ಅಂಗಳದಲ್ಲಿ ಇದ್ದವು, ಅಗೆಯಲು ಸುಲಭ ಅನ್ನುವ ಕಾರಣಕ್ಕೆ.

ಪದರಗಳ ಓದು ಮೇಲ್ಭಾಗದಲ್ಲಿ ಚೆನ್ನಾಗಿತ್ತು. ಮೇಲಿನ 20 ಸೆಂಟಿಮೀಟರ್ ಸಿಮೆಂಟು, ಪ್ಲಾಸ್ಟಿಕ್ಕು. ಅದರ ಕೆಳಗೆ ಮಂಗಳೂರು ಹಂಚಿನ ಚೂರು. ಆ ಹಂಚಿನ ಕಾರ್ಖಾನೆಗಳು ಶುರುವಾದದ್ದು 1860ರ ದಶಕದಲ್ಲಿ, ಹಾಗಾಗಿ ಅದು ಸಿಕ್ಕ ಪದರ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಪುಕ್ಕಟೆ ಸಿಗುವ ಇಂಥ ಕಾಲಸೂಚಿ ಇನ್ನೊಂದಿಲ್ಲ. ಅದರಡಿಯ ಕಂದು ಮಣ್ಣಿನಲ್ಲಿ ಸುಣ್ಣದ ಹರಳು, ನೀಲಿ ಬಿಳಿ ಪಿಂಗಾಣಿಯ ಎರಡು ಚೂರು. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಬಂದರು ಇದು, ಇತ್ತ ಮಿರ್ಜಾನ್ ಕೋಟೆಯ ಉತ್ಖನನದಲ್ಲೂ ಚೀನಾ ಪಿಂಗಾಣಿ ಸಿಕ್ಕಿದೆ, ಆದ್ದರಿಂದ ಆಶ್ಚರ್ಯವೇನಿಲ್ಲ. ಮೂಳೆ ಸಿಗಲಿಲ್ಲ ಎಂದು ಬರೆದು ಅಲ್ಲಿಗೇ ಬಿಟ್ಟದ್ದು ಮಾತ್ರ ಅರೆಬರೆ. ನಮ್ಮ ಹುಳಿ ಮಣ್ಣಿನಲ್ಲಿ ಮೂಳೆ ಉಳಿಯುವುದೇ ಕಷ್ಟ. ಸುಣ್ಣಕ್ಕೆ ಸುಟ್ಟ ಚಿಪ್ಪಿಯ ರಾಶಿ ಇರುವ ಕಡೆ ಮಾತ್ರ ಉಳಿದೀತು.

ಎಡವಿದ್ದು ಮೂರನೇ ಗುಂಡಿಯಲ್ಲಿ. 1.1 ಮೀಟರಿಗೆ ಗಟ್ಟಿ ಚಿರೆಕಲ್ಲು ಸಿಕ್ಕಿತು, ಒಂದು ಮೂಲೆಯಲ್ಲಿ ಮಾತ್ರ ಕಪ್ಪು ಮೆತ್ತನೆ ಮಣ್ಣು. ವರದಿ ಅದನ್ನು ‘ನೈಸರ್ಗಿಕ ಪೊಟರೆ’ ಅಂದಿತು. ಚಿರೆಕಲ್ಲಿನಲ್ಲಿ ತಾನಾಗಿ ಆದ ಪೊಟರೆಗಳು ಇರುತ್ತವೆ ನಿಜ, ಆದರೆ ಅವುಗಳ ಅಂಚು ದುಂಡಗೆ, ತುಂಬಿರುವುದು ಬಿಳಿಚು ಅಥವಾ ಹಳದಿ ಜೇಡಿ, ಅದರಲ್ಲಿ ಇದ್ದಿಲು ಇರುವುದಿಲ್ಲ. ಇಲ್ಲಿ ಅಂಚು ನೆಟ್ಟಗೆ ಇಳಿದಿತ್ತು, ಒದ್ದೆ ಮಾಡಿ ಕರಣೆಯಲ್ಲಿ ಕೆರೆದರೆ ಓರೆ ಓರೆಯಾಗಿ ಕೊಡಲಿ ಏಟಿನ ಗುರುತು ಕಾಣುತ್ತಿತ್ತು, ಮಣ್ಣಿನಲ್ಲಿ ಮಡಕೆ ಚೂರೂ ಇದ್ದಲು ಪುಡಿಯೂ ಇದ್ದವು. ಅದು ಮುಚ್ಚಿಹಾಕಿದ ಬಾವಿ. ಕಂಬದ ಗುಂಡಿ ತೋಡುವಾಗ ಎರಡೂವರೆ ಮೀಟರ್ ಇಳಿದರೂ ಗಟ್ಟಿ ನೆಲ ಸಿಗದೆ ಎಂಜಿನಿಯರು ಫುಟಿಂಗ್ ನಕ್ಷೆಯನ್ನೇ ಬದಲಿಸಬೇಕಾಯಿತು. ಗೊತ್ತಾಗದೆ ಅದರ ಮೇಲೇ ಕಂಬ ನಿಲ್ಲಿಸಿದ್ದರೆ ಒಂದು ಮೂಲೆ ಕುಸಿದು ಗೋಡೆ ಬಿರುಕು ಬಿಡುವುದು ಖಂಡಿತ. ತಪ್ಪಾದ ಕಾರಣವೂ ಸರಳ: ನಡು ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ತೆಗೆದಿದ್ದರು. ಆ ಬೆಳಕಿನಲ್ಲಿ ಕೆಂಪು ಮಣ್ಣೆಲ್ಲ ಒಂದೇ ಬಣ್ಣ. ಗುಂಡಿಯ ಬದಿಗೆ ನೆರಳು ಕಟ್ಟಿ, ನೀರು ಚಿಮುಕಿಸಿ, ಬೆಳಿಗ್ಗೆ ನೋಡಬೇಕು. 1:20ರ ಅಳತೆಯಲ್ಲಿ ಕೈಯಲ್ಲೇ ಚಿತ್ರ ಬರೆಯಬೇಕು. ಬರೆಯುವಾಗಲೇ ಕಣ್ಣು ಅಂಚನ್ನು ಹಿಡಿಯುವುದು.

ಇದೇ ಪ್ಯಾಕೇಜನ್ನು ಶಿರಸಿ ತಾಲೂಕಿನ ಬನವಾಸಿಗೆ ಹಾಗೇ ಒಯ್ದರೆ ಇನ್ನೂ ಸಾಲದು. ಅಲ್ಲಿ ಶಾತವಾಹನರ ಕಾಲದ ಇಟ್ಟಿಗೆ ಕಟ್ಟಡಗಳು ಸಿಕ್ಕಿವೆ, ಪದರ ದಪ್ಪ. ಒಂದೂವರೆ ಮೀಟರ್ ಗುಂಡಿ ಅಲ್ಲಿ ಮೇಲ್ಮೈ ಅಷ್ಟೇ.

ವರದಿಯ ಭಾಷೆಯಲ್ಲಿ ನಗು ಬರಿಸುವ ಜಾಗವೂ ಉಂಟು. ಬ್ರಿಟಿಷ್ ಮಾದರಿಯನ್ನು ನಕಲು ಮಾಡಿದ್ದರಿಂದ ಪೇಟೆಯ ನಡುವಿನ ಅಂಗಳಕ್ಕೆ ‘ಉಳುಮೆ ಪದರ’ ಬಂದಿತ್ತು! ಅದಕ್ಕಿಂತ ಗಂಭೀರ ಕೊರತೆ, ಕೆಡವುವ ದಿನ ಏನು ಮಾಡಬೇಕು ಅನ್ನುವ ಒಂದು ಪುಟವೂ ಇಲ್ಲದ್ದು. ಗೋಡೆಯನ್ನು ನೆಲಮಟ್ಟದವರೆಗೆ ಮಾತ್ರ ಇಳಿಸಿ, ಹಳೇ ಪಂಚಾಂಗವನ್ನು ಅದೇ ದಿನ ಕೀಳಬಾರದು. ಜೆಸಿಬಿಗೆ ಹಲ್ಲಿಲ್ಲದ ಬಕೆಟ್ ಹಾಕಿಸಿ, ಒಂದು ಸಲಕ್ಕೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಕೆರೆಯಬಾರದು, ಪಕ್ಕದಲ್ಲಿ ಮಣ್ಣು ಓದಬಲ್ಲ ಒಬ್ಬರು ನಿಂತಿರಬೇಕು. ಶಾಸನ, ವಿಗ್ರಹ, ನಾಣ್ಯ ಏನೇ ಕಂಡರೂ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಬೇಕು; ನಿಧಿ ಕಾನೂನು ರಾಜ್ಯದಲ್ಲಿ 1962ರಿಂದ ಇದೆ. ಬಚ್ಚಿಟ್ಟರೆ ಕೇಸು ಬೀಳುವುದು ಕೆಲಸದವನೊಬ್ಬನ ಮೇಲೇ ಆಗಬೇಕೆಂದಿಲ್ಲ.

ಈ ತಂಡವನ್ನು ಮತ್ತೆ ಕರೆಯಬಹುದೇ? ದಾಖಲೆ ಮತ್ತು ದೂರದ ನಕ್ಷೆಗೆ ಖಂಡಿತ ಕರೆಯಬಹುದು. ವರ್ಕ್ ಆರ್ಡರಿನಲ್ಲಿ ಜಿಪಿಆರ್ ಸಾಲು ಹೊಡೆದುಹಾಕಿ, ಆ ದುಡ್ಡಿನಲ್ಲಿ ಇನ್ನೂ ನಾಲ್ಕು ಗುಂಡಿ, ಕೆಡವುವ ದಿನಗಳ ಮೇಲ್ವಿಚಾರಣೆ ಸೇರಿಸಿ. ಗುಂಡಿ ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಅಂತ ಬರೆಸಿ. ಜೂನ್ ಬಂದರೆ ಬಾವಿ ನೀರು ಮೇಲೇರಿ ಗುಂಡಿಯ ಬದಿ ಕುಸಿಯುತ್ತದೆ. ಕೊನೇ ಕಂತು ಕೊಡುವ ಮುಂಚೆ ಮೂಲ ಫೋಟೋ, ಕೈಬರಹದ ಚಿತ್ರ, ಗುಂಡಿಗಳ ಅಳತೆ ಬಿಂದುಗಳು ಕೈಗೆ ಬಂದಿರಲಿ. ಬರೀ ಪಿಡಿಎಫ್ ಕೊಟ್ಟರೆ ಒಪ್ಪಬೇಡಿ.