ವಿಮೆ ಹೋಲಿಸುವ ಜಾಲತಾಣ: ದರಪಟ್ಟಿ ಚೆನ್ನಾಗಿದೆ, ಮನೆಯವರ ಕಾಯಿಲೆಯ ವಿವರ ಮಾತ್ರ ಹೊರಗೆ ಹೋಗುತ್ತದೆ

ಹಲವು ಕಂಪನಿಗಳ ವಿಮೆಯನ್ನು ಒಂದೇ ಪರದೆಯಲ್ಲಿ ಹೋಲಿಸಿ ತೋರಿಸಿ, ಹಣವನ್ನೂ ಅಲ್ಲಿಯೇ ಕಟ್ಟಿಸಿಕೊಂಡು ಪಾಲಿಸಿ ಕೊಡಿಸುವ ಜಾಲತಾಣವೊಂದನ್ನು ತುಮಕೂರಿನ ನಮ್ಮ ಮನೆಯ ಎರಡು ಕೆಲಸಗಳಿಗೆ ಬಳಸಿದೆ. ಒಂದು, ಸ್ಕೂಟರಿನ ವಿಮೆಯ ನವೀಕರಣ. ಇನ್ನೊಂದು, ಸಕ್ಕರೆ ಕಾಯಿಲೆಯಿರುವ ನಮ್ಮ ಅತ್ತೆಯವರಿಗೆ ಆರೋಗ್ಯ ವಿಮೆ. ದರ ಹೋಲಿಸುವ ಕೆಲಸವನ್ನು ಈ ತಾಣ ಚೆನ್ನಾಗಿಯೇ ಮಾಡುತ್ತದೆ. ಆದರೆ ಹೋಲಿಸಿ ನೋಡಲು ಬಂದವರ ಮಾಹಿತಿಯ ವಿಷಯದಲ್ಲಿ ಅದು ತೋರುವ ಅಸಡ್ಡೆಯನ್ನು ಕಂಡ ಮೇಲೆ, ಆರೋಗ್ಯ ವಿಮೆಗೆ ಇದನ್ನು ಬಳಸಿ ಎಂದು ನಾನು ಯಾರಿಗೂ ಹೇಳಲಾರೆ. ತಾಣದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಮಾಡಿದ ಪರೀಕ್ಷೆಯನ್ನು ಇಂಥ ಯಾವುದೇ ತಾಣದ ಮೇಲೆ ಯಾರು ಬೇಕಾದರೂ ಮಾಡಬಹುದಾದ್ದರಿಂದ, ಹೆಸರಿಗಿಂತ ಅದರ ಕ್ರಮವೇ ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಪಿನ್‌ಕೋಡ್ ಕೊಟ್ಟರೆ ಯಾವ ಪಾಲಿಸಿಗೆ ತುಮಕೂರಿನ ಯಾವ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಸೌಲಭ್ಯವಿದೆ ಎಂಬ ಪಟ್ಟಿ ಬರುತ್ತದೆ. ಚಿಕಿತ್ಸೆಗೆ ಬೆಂಗಳೂರಿಗೇ ಓಡಬೇಕೋ, ಊರಿನಲ್ಲೇ ಆಗುತ್ತದೋ ಎಂಬುದು ನಮ್ಮಂಥವರಿಗೆ ಪ್ರೀಮಿಯಂನಷ್ಟೇ ಮುಖ್ಯ. ಮೊದಲೇ ಇರುವ ಕಾಯಿಲೆಗೆ ವಿಮೆ ಅನ್ವಯವಾಗಲು ಎಷ್ಟು ಕಾಲ ಕಾಯಬೇಕು ಎಂಬುದನ್ನೂ ಪ್ರತಿ ಪಾಲಿಸಿಯ ಪಕ್ಕದಲ್ಲೇ ಬರೆದಿದ್ದಾರೆ. ಈ ಅವಧಿ 36 ತಿಂಗಳನ್ನು ಮೀರಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2024ರಲ್ಲಿ ಗೊತ್ತುಪಡಿಸಿದ್ದು, ಅದಕ್ಕಿಂತ ಕಡಿಮೆ ಅವಧಿಯ ಪಾಲಿಸಿಗಳನ್ನಷ್ಟೇ ಬೇರ್ಪಡಿಸಿ ನೋಡುವ ಅನುಕೂಲ ಇಲ್ಲಿದೆ.

ಸ್ಕೂಟರಿನ ಕೆಲಸ ಬಹಳ ಬೇಗ ಮುಗಿಯಿತು. ಕೆಎ-06ರಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಕೊಟ್ಟೊಡನೆ ಗಾಡಿಯ ಮಾದರಿ, ನೋಂದಣಿಯಾದ ವರ್ಷ, ಹಿಂದಿನ ವಿಮಾ ಕಂಪನಿ, ವಿಮೆ ಮುಗಿಯುವ ದಿನ ಎಲ್ಲವೂ ತಾವಾಗಿಯೇ ತುಂಬಿಕೊಂಡವು. ಆದರೆ ಆ ಗಾಡಿ ನನ್ನದು ಹೌದೇ ಎಂದು ತಾಣ ಒಮ್ಮೆಯೂ ವಿಚಾರಿಸಲಿಲ್ಲ. ಪಕ್ಕದ ಮನೆಯವರ ಒಪ್ಪಿಗೆ ಪಡೆದು ಅವರ ಗಾಡಿಯ ಸಂಖ್ಯೆಯನ್ನು ಕೊಟ್ಟಾಗಲೂ ಅಷ್ಟೇ ಸಲೀಸಾಗಿ ಎಲ್ಲ ವಿವರ ಬಂದವು.

ಕಳವಳದ ಸಂಗತಿ ಕಂಡದ್ದು ಆರೋಗ್ಯ ವಿಮೆಯ ಪುಟದಲ್ಲಿ. ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಎಫ್12 ಕೀಲಿಯನ್ನು ಒತ್ತಿದರೆ ಡೆವಲಪರ್ ಟೂಲ್ಸ್ ತೆರೆದುಕೊಳ್ಳುತ್ತದೆ. ಅದರ ‘ನೆಟ್‌ವರ್ಕ್’ ವಿಭಾಗದಲ್ಲಿ, ನಾವು ನೋಡುತ್ತಿರುವ ಪುಟ ಯಾವ ಯಾವ ಸರ್ವರುಗಳೊಂದಿಗೆ ಮಾತಾಡುತ್ತಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಅದನ್ನು ತೆರೆದಿಟ್ಟುಕೊಂಡೇ ಅತ್ತೆಯವರ ವಯಸ್ಸನ್ನು ತುಂಬಿ, ಕಾಯಿಲೆಗಳ ಪಟ್ಟಿಯಲ್ಲಿ ‘ಡಯಾಬಿಟಿಸ್’ ಎಂಬುದಕ್ಕೆ ಗುರುತು ಹಾಕಿ ಮುಂದಿನ ಪುಟಕ್ಕೆ ಹೋದೆ. ಬ್ರೌಸರಿನ ಮೇಲ್ಭಾಗದಲ್ಲಿ ಮೂಡಿದ ಪುಟದ ವಿಳಾಸದೊಳಗೆ ವಯಸ್ಸು, ಪಿನ್‌ಕೋಡ್, ಕಾಯಿಲೆಯ ಹೆಸರು ಮೂರೂ ಸೇರಿದ್ದವು. ಅದೇ ಕ್ಷಣದಲ್ಲಿ ನೆಟ್‌ವರ್ಕ್ ಪಟ್ಟಿಯಲ್ಲಿ, ವಿಮೆಯ ವ್ಯವಹಾರದವಲ್ಲದ ಜಾಹೀರಾತು ಸಂಸ್ಥೆಗಳ ವಿಳಾಸಗಳಿಗೆ ಹೊಸ ಸಾಲುಗಳು ಹೊರಟವು. ಒಂದು ಸಾಲಿನ ಮೇಲೆ ಒತ್ತಿ, ಹೋದದ್ದೇನು ಎಂದು ತೋರಿಸುವ ‘ಪೇಲೋಡ್’ ಭಾಗವನ್ನು ನೋಡಿದರೆ, ಪುಟದ ಆ ಪೂರ್ತಿ ವಿಳಾಸ ಒಂದಕ್ಷರವೂ ಬಿಡದೆ ಅಲ್ಲಿತ್ತು. ನಾನಿನ್ನೂ ಯಾವುದೇ ಷರತ್ತಿಗೆ ಒಪ್ಪಿಗೆ ಕೊಟ್ಟಿರಲಿಲ್ಲ, ಪಾಲಿಸಿಯನ್ನು ಆರಿಸಿರಲೂ ಇಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ರೌಸರ್ ತನ್ನಲ್ಲಿ ಇಟ್ಟುಕೊಳ್ಳುವ ಪುಟ್ಟ ಗುರುತುಚೀಟಿಯಾದ ಕುಕಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಎಂಜಿನಿಯರ್ ಲೂ ಮೊಂಟುಲ್ಲಿ ರೂಪಿಸಿದಾಗ, ಅಂಗಡಿ ತಾಣಗಳು ಗ್ರಾಹಕರ ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಟ್ಟುಕೊಳ್ಳುವುದು ಅದರ ಒಂದು ಮುಖ್ಯ ಉಪಯೋಗವಾಗಿತ್ತು. ಈಗ ತಾಣದ ಮಾಲೀಕರು ಜಾಹೀರಾತು ಸಂಸ್ಥೆಗಳು ಕೊಡುವ ‘ಪಿಕ್ಸೆಲ್’ ಎಂಬ ಸಣ್ಣ ಕೋಡನ್ನು ತಮ್ಮ ಪುಟಗಳಲ್ಲಿ ಸೇರಿಸಿಕೊಳ್ಳುತ್ತಾರೆ. ಜಾಹೀರಾತಿಗೆ ಖರ್ಚು ಮಾಡಿದ ಹಣಕ್ಕೆ ಎಷ್ಟು ಗಿರಾಕಿಗಳು ಬಂದರು ಎಂದು ತಿಳಿಯುವುದು ಅವರ ಉದ್ದೇಶ. ಆದರೆ ಆ ಕೋಡು, ಬ್ರೌಸರನ್ನು ಕುಕಿಯಿಂದ ಗುರುತಿಸಿ, ಬಂದವರು ಯಾವ ಪುಟ ನೋಡಿದರು, ಯಾವ ಗುಂಡಿ ಒತ್ತಿದರು ಎಂಬುದನ್ನೆಲ್ಲ ಜಾಹೀರಾತು ಸಂಸ್ಥೆಗೆ ತಿಳಿಸಬಲ್ಲದು. ಕಾಯಿಲೆಯ ಹೆಸರು ಪುಟದ ವಿಳಾಸದಲ್ಲೇ ಇದ್ದಾಗ ಅದೂ ಜೊತೆಯಲ್ಲಿ ಹೋಗುತ್ತದೆ. ಬಟ್ಟೆ ಮಾರುವ ತಾಣ ಇದನ್ನು ಬಳಸಿದರೆ ಹೋಗುವುದು ಸೀರೆಯ ಬಣ್ಣ. ವಿಮೆಯ ತಾಣದಲ್ಲಿ ಹೋಗುವುದು ಮನೆಯವರ ದೇಹದ ಸ್ಥಿತಿ. ಹೀಗಿರುವಾಗ ಎರಡೂ ಕಡೆ ಒಂದೇ ಕೋಡನ್ನು ಅಂಟಿಸಿದ್ದು ಅಕ್ಷಮ್ಯ.

ತಾಣದ ಗೌಪ್ಯತಾ ನೀತಿಯಲ್ಲಿ, ಮೊಬೈಲ್ ಸಂಖ್ಯೆ ಮತ್ತು ಇಮೇಲನ್ನು ‘ಹ್ಯಾಶ್’ ಮಾಡಿ, ಅಂದರೆ ಓದಲಾಗದ ಅಕ್ಷರಮಾಲೆಯಾಗಿ ಬದಲಿಸಿ, ಪಾಲುದಾರರೊಂದಿಗೆ ಹಂಚಿಕೊಳ್ಳುತ್ತೇವೆ ಎಂಬ ಭರವಸೆಯಿದೆ. ಈ ಭರವಸೆಯಲ್ಲಿ ಹುರುಳಿಲ್ಲ. ಒಂದೇ ಸಂಖ್ಯೆಯನ್ನು ಒಂದೇ ವಿಧಾನದಲ್ಲಿ ಹ್ಯಾಶ್ ಮಾಡಿದರೆ ಎಲ್ಲೆಡೆಯೂ ಒಂದೇ ಉತ್ತರ ಬರುತ್ತದೆ. ನನ್ನ ಸಂಖ್ಯೆ ಈಗಾಗಲೇ ಇರುವ ಸಂಸ್ಥೆ ಎರಡು ಅಕ್ಷರಮಾಲೆಗಳನ್ನು ಹೊಂದಿಸಿ ನೋಡಿದರೆ ನಾನು ಯಾರೆಂದು ಗೊತ್ತಾಗುತ್ತದೆ. ಹಾಗೆ ಹೊಂದಿಸಲೆಂದೇ ಅದನ್ನು ಕಳಿಸುವುದು. ಅಲ್ಲದೆ ಮೊಬೈಲ್ ಸಂಖ್ಯೆಯಲ್ಲಿರುವುದು ಬರೀ ಹತ್ತು ಅಂಕಿಗಳಾದ್ದರಿಂದ, ಸಾಧ್ಯವಿರುವ ಎಲ್ಲ ಸಂಖ್ಯೆಗಳ ಹ್ಯಾಶ್ ಪಟ್ಟಿಯನ್ನು ಮೊದಲೇ ತಯಾರಿಸಿಟ್ಟುಕೊಳ್ಳುವುದು ಇಂದಿನ ಕಂಪ್ಯೂಟರುಗಳಿಗೆ ಕಷ್ಟವಲ್ಲ.

ದರಪಟ್ಟಿ ಕಾಣಬೇಕಾದರೆ ಮೊಬೈಲ್ ಸಂಖ್ಯೆ ಕೊಡಲೇಬೇಕೆಂಬುದು ಇನ್ನೊಂದು ತಕರಾರಿನ ವಿಷಯ. ಅಂದಾಜು ಪ್ರೀಮಿಯಂ ಲೆಕ್ಕ ಹಾಕಲು ವಯಸ್ಸು, ಊರು, ವಿಮೆಯ ಮೊತ್ತ, ಕಾಯಿಲೆಯ ವಿವರ ಸಾಕು; ಫೋನ್ ಸಂಖ್ಯೆಯಿಂದ ಪ್ರೀಮಿಯಂ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗುವುದಿಲ್ಲ. ಸಂಖ್ಯೆಯನ್ನು ಬರೆದು ಪಕ್ಕದ ಚೌಕಕ್ಕೆ ಹೋಗುತ್ತಿದ್ದಂತೆಯೇ, ‘ಮುಂದುವರಿಯಿರಿ’ ಎಂಬ ಗುಂಡಿಯನ್ನು ಒತ್ತುವ ಮೊದಲೇ, ಅದು ತಾಣದ ಸರ್ವರಿಗೆ ಹೋಗಿದ್ದನ್ನು ನೆಟ್‌ವರ್ಕ್ ಪಟ್ಟಿಯಲ್ಲಿ ಕಂಡೆ. ಗುಂಡಿಯ ಕೆಳಗೆ ಬೂದು ಬಣ್ಣದ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, ನನ್ನ ಸಂಖ್ಯೆ ಡಿಎನ್‌ಡಿಯಲ್ಲಿ, ಅಂದರೆ ಮಾರಾಟದ ಕರೆಗಳು ಬೇಡವೆನ್ನುವವರ ಪಟ್ಟಿಯಲ್ಲಿ, ನೋಂದಣಿಯಾಗಿದ್ದರೂ ತಾಣದವರೂ ಅವರ ಪಾಲುದಾರರೂ ಕರೆ, ಎಸ್‌ಎಂಎಸ್, ವಾಟ್ಸ್‌ಆ್ಯಪ್ ಮೂಲಕ ಸಂಪರ್ಕಿಸಲು ಒಪ್ಪಿದ್ದೇನೆ ಎಂಬ ವಾಕ್ಯವಿದೆ. ಸಂಜೆಯೊಳಗೆ ಕರೆಗಳು ಶುರುವಾದವು. ಬೇಡವೆಂದರೂ ಬಿಡದ ಒಬ್ಬರು, “ಮೇಡಂ, ಮನೆಯಲ್ಲಿ ಶುಗರ್ ಇರೋರಿಗೆ ಮೊದಲ ದಿನದಿಂದಲೇ ಕವರ್ ಆಗೋ ಪ್ಲಾನ್ ಇದೆ” ಎಂದರು. ಅವರು ಬೇರೊಂದು ಸಂಸ್ಥೆಯ ಹೆಸರು ಹೇಳಿದರು; ಆ ಸಂಸ್ಥೆಗೆ ನಾನು ಏನನ್ನೂ ತಿಳಿಸಿರಲಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಇದಕ್ಕೆ ಇನ್ನೂ ಒಂದು ಮುಖವಿದೆ. ಗುಬ್ಬಿ, ಕೊರಟಗೆರೆ ಕಡೆಯ ಹಳ್ಳಿಗಳಿಂದ ಬರುವ ಅನೇಕರು ಗಾಡಿಯ ವಿಮೆಯನ್ನೂ ಆರೋಗ್ಯ ವಿಮೆಯನ್ನೂ ಸೈಬರ್ ಸೆಂಟರುಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಮಾಡಿಸುತ್ತಾರೆ. ಕುಕಿ ಗುರುತಿಸುವುದು ಬ್ರೌಸರನ್ನು, ಕುರ್ಚಿಯಲ್ಲಿ ಕೂತ ಮನುಷ್ಯರನ್ನಲ್ಲ. ಬೆಳಿಗ್ಗೆ ಬಂದವರು ಹೃದ್ರೋಗವೆಂದು ತುಂಬಿಸಿ ಹೋದರೆ, ಮಧ್ಯಾಹ್ನ ಅದೇ ಕಂಪ್ಯೂಟರಿನಲ್ಲಿ ಪಹಣಿ ತೆಗೆಸಲು ಬಂದ ಅದೇ ಊರಿನವರ ಮುಂದೆ ಹೃದ್ರೋಗಿಗಳ ವಿಮೆಯ ಜಾಹೀರಾತು ಕಾಣಿಸಿಕೊಳ್ಳಬಹುದು. ತಾಣ ಅರ್ಧಕ್ಕೆ ಬಿಟ್ಟ ಅರ್ಜಿಯನ್ನೇ ಮತ್ತೆ ತೆರೆದು ತೋರಿಸಲೂಬಹುದು. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯವರು ಇಂಥ ವಿವರವನ್ನು ಎಷ್ಟು ಜತನದಿಂದ ಕಾಪಾಡಿಕೊಳ್ಳುತ್ತಾರೆ ಎಂಬುದು ನಮ್ಮ ಸೀಮೆಯಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಸೈಬರ್ ಸೆಂಟರಿನವರು ಪ್ರತಿ ಗ್ರಾಹಕರಿಗೂ, ಮುಚ್ಚಿದೊಡನೆ ಕುಕಿಗಳನ್ನು ಅಳಿಸಿಹಾಕುವ ಇನ್‌ಕಾಗ್ನಿಟೊ ಕಿಟಕಿಯನ್ನು ತೆರೆದು, ಕೆಲಸ ಮುಗಿದೊಡನೆ ಮುಚ್ಚಿಬಿಟ್ಟರೆ ಈ ಭಾಗದ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಕಾನೂನಿನಲ್ಲಿ ನಮಗೆ ಆಧಾರವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2011ರಲ್ಲಿ ಬಂದ ನಿಯಮಗಳು ಆರೋಗ್ಯದ ಸ್ಥಿತಿಯನ್ನು ಸೂಕ್ಷ್ಮ ಮಾಹಿತಿಯೆಂದು ಗುರುತಿಸಿ, ಅದನ್ನು ಪಡೆಯಲು ಲಿಖಿತ ಸಮ್ಮತಿ ಬೇಕೆಂದೂ, ತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ಸಂಪರ್ಕ ಇರಬೇಕೆಂದೂ, ದೂರನ್ನು ಒಂದು ತಿಂಗಳೊಳಗೆ ಬಗೆಹರಿಸಬೇಕೆಂದೂ ಹೇಳುತ್ತವೆ. ಇವುಗಳ ಜಾಗಕ್ಕೆ ಬರುತ್ತಿರುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕಟ್ಟುಪಾಡುಗಳು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ, ಜಾರಿಯಾಗಬೇಕು. ಸಮ್ಮತಿಯು ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು ಕೊಟ್ಟದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎಂದು ಈ ಕಾಯ್ದೆ ವಿಧಿಸುತ್ತದೆ. ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಈ ತಾಣದ ಮುಖಪುಟದಲ್ಲಿ, ಜಾಹೀರಾತಿನಲ್ಲಿ, ಹಣ ಕಟ್ಟುವ ಗುಂಡಿಯಲ್ಲಿ ಕನ್ನಡವಿದೆ. ಒಪ್ಪಿಗೆಯ ವಾಕ್ಯದಲ್ಲಿ ಮತ್ತು ಗೌಪ್ಯತಾ ನೀತಿಯಲ್ಲಿ ಮಾತ್ರ ಇಲ್ಲ. ನನಗೆ ಅತಿ ಹೆಚ್ಚು ಬೇಸರ ತಂದದ್ದು ಇದು. ಹೊಸ ಕಾಯ್ದೆಯ ಬಗ್ಗೆಯೂ ಒಂದು ಕೊರಗಿದೆ: ಆರೋಗ್ಯದಂಥ ಸೂಕ್ಷ್ಮ ಮಾಹಿತಿಗೆ ಹಳೆಯ ನಿಯಮಗಳಲ್ಲಿದ್ದ ಪ್ರತ್ಯೇಕ ವರ್ಗ ಅದರಲ್ಲಿ ಇಲ್ಲ.

ಫೋನ್ ಸಂಖ್ಯೆಯ ಬಲವಂತಕ್ಕೆ ಬೇರೆ ದಾರಿಯಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿದ್ದು, ಬೇಕಾದ ಸೇವೆ ಪಡೆಯಲು ವೈಯಕ್ತಿಕ ಮಾಹಿತಿ ಕೊಡಲೇಬೇಕೆಂದು ಒತ್ತಾಯಿಸುವುದೂ ಅದರಲ್ಲಿ ಸೇರಿದೆ. ಇದರ ದೂರನ್ನು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕೊಡಬಹುದು.

ಬಳಸಲೇಬೇಕಾದವರು ಫೈರ್‌ಫಾಕ್ಸ್ ಅಥವಾ ಸಫಾರಿಯಂಥ, ಹೊರಗಿನವರ ಕುಕಿಗಳನ್ನು ತಾವಾಗಿಯೇ ಕಟ್ಟಿಹಾಕುವ ಬ್ರೌಸರನ್ನು ಆರಿಸಿಕೊಳ್ಳಲಿ. ಇದರಿಂದ ಎಲ್ಲವೂ ನಿಲ್ಲುವುದಿಲ್ಲ. ತಾಣವೇ ತನ್ನ ಸರ್ವರಿನಿಂದ ನೇರವಾಗಿ ಜಾಹೀರಾತು ಸಂಸ್ಥೆಗೆ ಮಾಹಿತಿ ಕಳಿಸಿದರೆ ಯಾವ ಬ್ರೌಸರೂ ತಡೆಯಲಾರದು. ಆದರೆ ಮುಚ್ಚಿಡುವ ಭರದಲ್ಲಿ ವಿಮಾ ಕಂಪನಿಯ ಪ್ರಸ್ತಾವನಾ ಪತ್ರದಲ್ಲಿ ಕಾಯಿಲೆಯನ್ನು ಮರೆಮಾಚಬಾರದು, ಏಕೆಂದರೆ ಆ ಕಾರಣಕ್ಕೆ ಮುಂದೆ ಕ್ಲೇಮ್ ತಿರಸ್ಕಾರವಾಗಬಹುದು. ದರವನ್ನು ಕಾಯಿಲೆಯ ಗುರುತು ಹಾಕದೆ ಸುಮ್ಮನೆ ಅಂದಾಜಿಗೆ ನೋಡಿಕೊಂಡು, ನಿಜವಾದ ವಿವರವನ್ನು ಕಂಪನಿಯ ಶಾಖೆಯಲ್ಲಿ ಮಾತ್ರ ಕೊಡುವುದು ನಾನು ಕಂಡುಕೊಂಡ ದಾರಿ. ಅತ್ತೆಯವರ ಪಾಲಿಸಿಯನ್ನು ಕೊನೆಗೆ ಊರಿನ ಶಾಖೆಯಲ್ಲೇ ಮಾಡಿಸಿದೆವು. ಕಾಗದ ಓದಿ ಬೇಡವೆನಿಸಿದರೆ ಹಿಂದಿರುಗಿಸಲು 30 ದಿನಗಳ ಕಾಲಾವಕಾಶ ಅಲ್ಲಿಯೂ ಇದೆ.

ತಾಣದ ಕುಂದುಕೊರತೆ ಅಧಿಕಾರಿಗೆ ಕನ್ನಡದಲ್ಲೇ ಪತ್ರ ಬರೆದು, ನಮ್ಮ ಮಾಹಿತಿಯನ್ನು ಯಾರು ಯಾರಿಗೆ ಕೊಟ್ಟಿರಿ, ಅದನ್ನು ಯಾವಾಗ ಅಳಿಸುವಿರಿ ಎಂದು ಕೇಳಿದೆ. ನಿಮ್ಮ ಸಂಖ್ಯೆಯನ್ನು ಕರೆಪಟ್ಟಿಯಿಂದ ತೆಗೆದಿದ್ದೇವೆ ಎಂಬ ಉತ್ತರ ಬಂತು, ತಾಣದವರ ಕರೆಗಳೂ ನಿಂತವು. ಅಷ್ಟರಮಟ್ಟಿಗೆ ಅವರು ಸ್ಪಂದಿಸಿದ್ದಾರೆ. ಕಾಯಿಲೆಯ ವಿವರ ಯಾರ ಕೈಸೇರಿದೆ ಎಂಬುದಕ್ಕೆ ಆ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಆ ಪ್ರಶ್ನೆಯನ್ನಷ್ಟೇ ಎತ್ತಿಕೊಂಡು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ದಾಖಲಿಸಿದ್ದೇನೆ. ಇಂಟರ್‌ನೆಟ್ ಬಳಸದವರು 155255ಕ್ಕೆ ಕರೆ ಮಾಡಿಯೂ ಅಲ್ಲಿ ದೂರು ಕೊಡಬಹುದು. ಸದ್ಯಕ್ಕೆ ಗಾಡಿಯ ವಿಮೆಗೆ ಐದರಲ್ಲಿ ಮೂರೂವರೆ ಅಂಕ, ಆರೋಗ್ಯ ವಿಮೆಗೆ ಒಂದು.